ಚೀಲದ ಲೆಕ್ಕ: ಕೆಜಿಗೆ ಹೆಚ್ಚು ಬೆಲೆ ಇರುವುದನ್ನೇ ಮೊದಲು ತುಂಬಿದರೆ ಸಾಕೇ?

‘ಚೀಲ 10 ಕೆಜಿ ಮಾತ್ರ ಹೊರುತ್ತದೆ. ಒಟ್ಟು ಬೆಲೆ ಅತಿ ಹೆಚ್ಚಾಗುವಂತೆ ಸಾಮಾನು ತುಂಬಿ.’ ಇಂಥ ಲೆಕ್ಕಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಜೊತೆಗೆ ಒಂದು ‘ಸುಲಭ ಸೂತ್ರ’: ಕೆಜಿಗೆ ಯಾವುದರ ಬೆಲೆ ಹೆಚ್ಚೋ ಅದನ್ನು ಮೊದಲು ಹಾಕಿ. ಕೇಳಲು ಸರಿಯೆನಿಸುತ್ತದೆ. ಆದರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಇದನ್ನು ಕಳಿಸುವ ಮುನ್ನ ಒಮ್ಮೆ ಲೆಕ್ಕ ಹಾಕಿ ನೋಡೋಣ.

ಮೂರು ಪೊಟ್ಟಣಗಳಿವೆ ಎನ್ನಿ. ಒಂದು 6 ಕೆಜಿ, ಬೆಲೆ 660 ರೂಪಾಯಿ. ಉಳಿದೆರಡು ತಲಾ 5 ಕೆಜಿ, ಬೆಲೆ ತಲಾ 500. ಮೊದಲನೆಯದಕ್ಕೆ ಕೆಜಿಗೆ 110 ರೂಪಾಯಿ, ಉಳಿದವಕ್ಕೆ 100. ಸೂತ್ರದ ಪ್ರಕಾರ 6 ಕೆಜಿಯದ್ದನ್ನು ಹಾಕಿದೆವು. ಉಳಿದ ಜಾಗ 4 ಕೆಜಿ, ಅದರಲ್ಲಿ ಇನ್ನೇನೂ ಹಿಡಿಯದು. ಒಟ್ಟು 660. ಅದನ್ನು ಬಿಟ್ಟು 5 ಕೆಜಿಯ ಎರಡನ್ನೂ ಹಾಕಿದ್ದರೆ? 1,000 ರೂಪಾಯಿ! ಸೂತ್ರ ಇಲ್ಲಿ 340 ರೂಪಾಯಿ ಕಳೆಯಿತು.

ಹಾಗೆಂದು ಸೂತ್ರವೇ ಸುಳ್ಳಲ್ಲ. ಸಕ್ಕರೆ, ಬೇಳೆಯಂತೆ ಬೇಕಾದಷ್ಟೇ ಅಳೆದು ಹಾಕಬಹುದಾದರೆ ಅದು ಯಾವಾಗಲೂ ಸರಿ. ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1957ರಲ್ಲೇ ಇದನ್ನು ತೋರಿಸಿದ್ದರು. ನಮ್ಮ ಪೊಟ್ಟಣಗಳನ್ನೂ ಒಡೆಯಬಹುದಿದ್ದರೆ 660ರ ಜೊತೆ ಇನ್ನೂ 4 ಕೆಜಿಗೆ 400 ಸೇರಿ 1,060 ಆಗುತ್ತಿತ್ತು. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಈ ಒಂದು ಷರತ್ತೇ.

ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿದರಾಯಿತಲ್ಲ ಎನ್ನಬಹುದು. ಪ್ರತಿ ಪೊಟ್ಟಣಕ್ಕೂ ‘ಹಾಕು’, ‘ಬಿಡು’ ಎಂಬ ಎರಡೇ ಆಯ್ಕೆ. ಮೂರು ಪೊಟ್ಟಣಕ್ಕೆ 8 ಬಗೆ, 20ಕ್ಕೆ 10 ಲಕ್ಷಕ್ಕೂ ಹೆಚ್ಚು, 30ಕ್ಕೆ 107 ಕೋಟಿ! ಹೀಗಾಗಿ ಕಂಪ್ಯೂಟರ್‌ಗಳು ಕೋಷ್ಟಕ ಮಾಡಿಕೊಳ್ಳುತ್ತವೆ: 1 ಕೆಜಿ ಚೀಲಕ್ಕೆ ಅತಿ ಹೆಚ್ಚು ಎಷ್ಟು, 2 ಕೆಜಿಗೆ ಎಷ್ಟು, ಹೀಗೆ 10ರವರೆಗೆ. ಹೊಸ ಪೊಟ್ಟಣ ಬಂದಾಗಲೆಲ್ಲ ಅದನ್ನು ಹಾಕಿದರೆ ಲಾಭವೋ, ಬಿಟ್ಟರೆ ಲಾಭವೋ ಎಂದು ಹಿಂದಿನ ಸಾಲು ನೋಡಿ ತೀರ್ಮಾನ. ತೂಕಗಳೆಲ್ಲ ಪೂರ್ಣ ಕೆಜಿಯಲ್ಲಿದ್ದರೆ 30 ಪೊಟ್ಟಣಕ್ಕೆ 300 ಮನೆ ತುಂಬಿದರೆ ಸಾಕು. ತೂಕ ಗ್ರಾಂನಲ್ಲಿದ್ದರೆ ಅದೇ ಕೋಷ್ಟಕ 3 ಲಕ್ಷ ಮನೆಗೆ ಹಿಗ್ಗುತ್ತದೆ. ತೂಕದ ಅಂಕಿಗಳು ದೊಡ್ಡದಾದಷ್ಟೂ ಕೋಷ್ಟಕವೂ ಕೈ ಮೀರುತ್ತದೆ. 1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿ ಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಈ ಚೀಲದ ಲೆಕ್ಕವೂ ಒಂದು. ಎಲ್ಲ ಸಂದರ್ಭಕ್ಕೂ ವೇಗವಾಗಿ ಉತ್ತರ ಕೊಡುವ ವಿಧಾನ ಇಂದಿಗೂ ಸಿಕ್ಕಿಲ್ಲ.

ಪರೀಕ್ಷೆಯಲ್ಲಿ ಬರುವುದು ನಾಲ್ಕೈದು ವಸ್ತುಗಳ ಲೆಕ್ಕ. ಅಲ್ಲಿ ಮೊದಲು ‘ವಸ್ತುವನ್ನು ಭಾಗ ಮಾಡಬಹುದೇ?’ ಎಂದು ಪ್ರಶ್ನೆಯಲ್ಲಿ ಹುಡುಕಿ. ಮಾಡುವಂತಿಲ್ಲ ಎಂದಿದ್ದರೆ ಸೂತ್ರದ ಉತ್ತರ ಬರೆದುಕೊಂಡು, ಚೀಲದಲ್ಲಿ ಎಷ್ಟು ಜಾಗ ಖಾಲಿ ಉಳಿಯಿತು ನೋಡಿ. ಉಳಿದಿದ್ದರೆ ಬೇರೆ ಜೋಡಣೆಗಳನ್ನೂ ಕೂಡಿ ನೋಡಿಯೇ ಉತ್ತರ ಗುರುತು ಮಾಡಿ.