ಬಲ್ಲಾಳ ಒಪ್ಪಿಸಿದ ಅತಿಥಿ

ಹಳೇಬೀಡಿಗೆ ಬರುವ ಪ್ರವಾಸಿಗರಿಗೆ ಗೈಡುಗಳು ವಿಷ್ಣುವರ್ಧನ–ಶಾಂತಲೆಯರ ಕಥೆ ಹೇಳುತ್ತಾರೆ. 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದದ್ದನ್ನೂ ಹೇಳುತ್ತಾರೆ. ಅದಾಗಿ ಸುಮಾರು ಹದಿನಾರು ವರ್ಷಕ್ಕೆ ಇದೇ ದೋರಸಮುದ್ರದಲ್ಲಿ ನಡೆದ ಇನ್ನೊಂದು ಸಂಗತಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಹತ್ತಿರದ ಸಂಬಂಧಿಯೇ ದಂಗೆಯೆದ್ದ. ಹೆಸರು ಬಹಾವುದ್ದೀನ್ ಗುರ್ಷಾಸ್ಪ್, ಇಂದಿನ ಯಾದಗಿರಿ ಸೀಮೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ಯುದ್ಧದಲ್ಲಿ ಸೋತು ಓಡಿ ಬಂದು ಕಂಪಿಲಿಯ ಅರಸನ ಆಶ್ರಯ ಕೇಳಿದ. ಕಂಪಿಲರಾಯ ಆಶ್ರಯ ಕೊಟ್ಟ. ಸುಲ್ತಾನನ ಸೇನೆ ಬಂದಾಗ ಅತಿಥಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಸೋಲು ಖಚಿತವಾದ ಮೇಲೆ ಅವನನ್ನು ದಕ್ಷಿಣಕ್ಕೆ, ಹೊಯ್ಸಳ ಮೂರನೇ ಬಲ್ಲಾಳನ ಬಳಿಗೆ ಕಳುಹಿಸಿ ತಾನು ಹೋರಾಡಿ ಸತ್ತ. ಕುಮಾರರಾಮನ ಕಥೆಯಾಗಿ ನಮ್ಮ ಜನಪದರು ಹಾಡಿಕೊಂಡು ಬಂದ ಮನೆತನ ಅದು. ಬಲ್ಲಾಳನ ಲೆಕ್ಕ ಬೇರೆಯಾಗಿತ್ತು. ಅವನು ಗುರ್ಷಾಸ್ಪನನ್ನು ಹಿಡಿದು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಸಿಕ್ಕಿದವನ ಚರ್ಮ ಸುಲಿಸಿ, ಹುಲ್ಲು ತುಂಬಿ, ಊರೂರು ಮೆರವಣಿಗೆ ಮಾಡಿಸಿದರೆಂದು ಇಬ್ನ್ ಬತೂತ ಬರೆದಿದ್ದಾನೆ.

ಬಲ್ಲಾಳನನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. 1311ರ ಬೆಂಕಿಯನ್ನು ಕಣ್ಣಾರೆ ಕಂಡವನು ಅವನು. ಒಬ್ಬನನ್ನು ಕೊಟ್ಟರೆ ಊರು ಉಳಿಯುತ್ತದೆ ಎಂದುಕೊಂಡಿರಬೇಕು. ಆದರೆ ಊರೂ ಉಳಿಯಲಿಲ್ಲ, ಅವನೂ ಉಳಿಯಲಿಲ್ಲ. ರಾಜಧಾನಿ ದೋರಸಮುದ್ರದಿಂದ ತಿರುವಣ್ಣಾಮಲೈ ಕಡೆಗೆ ಸರಿಯಿತು. 1342ರ ಸುಮಾರಿಗೆ ಮುದಿ ಬಲ್ಲಾಳ ಮಧುರೆಯ ಸುಲ್ತಾನನಿಗೆ ಸೆರೆಸಿಕ್ಕ. ಅವನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ನೇತುಹಾಕಿದರು. ಅದನ್ನು ತಾನೇ ಕಂಡೆನೆಂದು ಬರೆದಿರುವವನೂ ಅದೇ ಇಬ್ನ್ ಬತೂತ.

ಈ ಚರಿತ್ರೆಯನ್ನು ಮೊದಲಿಗೇ ಹೇಳಲು ಕಾರಣವಿದೆ. ಸರ್ವಾಧಿಕಾರದ ವಿರುದ್ಧ ಎಚ್ಚರಿಸುವ ಕನ್ನಡ ಕೃತಿಗಳ ಮಾತು ಬಂದಾಗಲೆಲ್ಲ ನಾವು ಮೊದಲು ಹೆಸರಿಸುವುದು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು. ಆ ತುಘಲಕ್ ನಮ್ಮ ಬೇಲೂರು–ಹಳೇಬೀಡಿನವರಿಗೆ ಎಲ್ಲೋ ದೂರದ ದೆಹಲಿಯ ದೊರೆಯಲ್ಲ, ಅವನ ಭಯ ನಮ್ಮ ಹೊಸ್ತಿಲವರೆಗೂ ಬಂದಿತ್ತು. ಭಯ ಬಂದಾಗ ನಾವು ಏನು ಮಾಡಿದೆವು ಎನ್ನುವ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ. ಅಂಥ ಕೃತಿಗಳಲ್ಲಿ ಒಳ್ಳೆಯವು ಕೇಳುವುದು ಈ ಪ್ರಶ್ನೆಯನ್ನೇ ಎಂದು ನಾನು ನಂಬುತ್ತೇನೆ. ಸುಲ್ತಾನ ಎಷ್ಟು ಕ್ರೂರಿ ಎಂಬುದನ್ನು ತೋರಿಸಲು ಇತಿಹಾಸದ ಪಠ್ಯ ಸಾಕು. ಸುಲ್ತಾನನ ಸುತ್ತ ನಿಂತವರು ಏನು ಮಾಡುತ್ತಾರೆ ಎಂಬುದನ್ನು ತೋರಿಸಲು ನಾಟಕ ಬೇಕು, ಕಾದಂಬರಿ ಬೇಕು.

ಕಾರ್ನಾಡರು ‘ತುಘಲಕ್’ ಬರೆದದ್ದು 1964ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ. ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ನೆಹರೂ ಯುಗ ಮುಗಿಯುತ್ತಿದ್ದ, ಸ್ವಾತಂತ್ರ್ಯದ ಆಸೆಗಳು ಕರಗುತ್ತಿದ್ದ ಹೊತ್ತು. ಹಾಗಾಗಿ ಓದುಗರು ಅದನ್ನು ಆ ಕಾಲದ ರೂಪಕವಾಗಿಯೇ ಓದಿದರು. ಸಿ.ಆರ್. ಸಿಂಹ ಆ ಪಾತ್ರಕ್ಕೆ ಜೀವ ಕೊಟ್ಟದ್ದನ್ನು ಕಂಡ ಹಿರಿಯರು ಇಂದಿಗೂ ಅದರ ಮಾತಾಡುತ್ತಾರೆ. ದೆಹಲಿಯ ಪುರಾನಾ ಕಿಲಾದ ನಿಜವಾದ ಕೋಟೆಗೋಡೆಗಳ ನಡುವೆ ಇಬ್ರಾಹಿಂ ಅಲ್ಕಾಜಿ ಅದನ್ನು ಆಡಿಸಿದರು. ನಾಟಕ ಬರೆದ ಹನ್ನೊಂದು ವರ್ಷಕ್ಕೆ ತುರ್ತು ಪರಿಸ್ಥಿತಿ ಬಂತು, ಅದೇ ನಾಟಕ ಇಂದಿರಾ ಗಾಂಧಿಯವರ ಬಗ್ಗೆ ಬರೆದಂತೆ ಕಂಡಿತು. ಅದಾದ ಮೇಲೂ ಪ್ರತಿ ಹತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರ ಮುಖ ಆ ಕಿರೀಟಕ್ಕೆ ಹೊಂದುತ್ತಲೇ ಬಂದಿದೆ.

ನಾಟಕದ ತುಘಲಕ್ ಮೂರ್ಖನಲ್ಲ. ಓದಿದವನು, ಕನಸುಗಾರ, ಹಿಂದೂ–ಮುಸ್ಲಿಮರಿಬ್ಬರಿಗೂ ಒಂದೇ ನ್ಯಾಯ ಬೇಕೆನ್ನುವವನು. ದಿನಕ್ಕೆ ಐದು ಸಲದ ಪ್ರಾರ್ಥನೆಯನ್ನು ಕಾನೂನಿನ ಮೂಲಕ ಕಡ್ಡಾಯ ಮಾಡುತ್ತಾನೆ. ಪ್ರಾರ್ಥನೆಯ ಹೊತ್ತಿನಲ್ಲೇ ತನ್ನ ಕೊಲೆಗೆ ಸಂಚು ನಡೆದಾಗ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಕಡ್ಡಾಯ ಮಾಡಿದ ಕೈಯೇ ನಿಷೇಧಿಸಿದ್ದು. ದೇವರ ಜೊತೆ ಪ್ರಜೆ ಆಡುವ ಮಾತೂ ದೊರೆಯ ಅಪ್ಪಣೆಯ ಮೇಲೆ ನಡೆಯಬೇಕು ಎಂದಾದ ದಿನ ಆ ರಾಜ್ಯ ಏನಾಯಿತು ಎಂಬುದನ್ನು ಈ ಎರಡು ಆಜ್ಞೆಗಳು ತೋರಿಸಿದಷ್ಟು ಸ್ಪಷ್ಟವಾಗಿ ಉದ್ದುದ್ದ ಭಾಷಣ ತೋರಿಸಲಾರದು.

ಆದರೂ ಆ ನಾಟಕದಲ್ಲಿ ನನ್ನನ್ನು ಬಿಡದೆ ಕಾಡುವ ದೃಶ್ಯದಲ್ಲಿ ಸುಲ್ತಾನ ಇಲ್ಲವೇ ಇಲ್ಲ. ರಾಜಧಾನಿ ದೆಹಲಿಯಿಂದ ದೌಲತಾಬಾದಿಗೆ ಬದಲಾಗಿದೆ, ಜನರನ್ನು ಗುಂಪು ಗುಂಪಾಗಿ ಹೊರಡಿಸಿದ್ದಾರೆ. ದಾರಿಯಲ್ಲೊಂದು ಬಿಡಾರ. ಅಲ್ಲಿ ಅಧಿಕಾರಿಯಾಗಿ ಕೂತವನು ಅಜೀಜ್. ಹುಟ್ಟಿನಿಂದ ಅಗಸ, ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದು ಸರ್ಕಾರಿ ನೌಕರಿ ಹಿಡಿದವನು. ಒಬ್ಬ ಹೆಂಗಸು ಕಂಕುಳಲ್ಲಿ ಸಾಯುತ್ತಿರುವ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ವೈದ್ಯರ ಬಳಿ ಹೋಗಿಬರಲು ಅಪ್ಪಣೆ ಕೇಳುತ್ತಾಳೆ. ಅಪ್ಪಣೆ ಕೊಡುವಂತಿಲ್ಲ, ತನ್ನ ಕರ್ತವ್ಯ ತಾನು ಮಾಡಬೇಕು ಎನ್ನುತ್ತಾನೆ ಅಜೀಜ್. ದುಡ್ಡಿದ್ದರೆ ಬೇರೆ ಮಾತು. ಅವಳಲ್ಲಿ ಇರುವುದು ಗಂಡನ ಔಷಧಕ್ಕೆಂದು ಇಟ್ಟುಕೊಂಡ ಅಷ್ಟಿಷ್ಟು ಮಾತ್ರ. ಅವನ ಗೆಳೆಯ ಆಜಮ್, ಜೇಬುಗಳ್ಳ, ಅವನಿಗೇ ಮನಸ್ಸು ಕರಗುತ್ತದೆ. ಅಜೀಜ್ ಕರಗುವುದಿಲ್ಲ.

ಸುಲ್ತಾನನ ಆಜ್ಞೆ ದೌಲತಾಬಾದಿಗೆ ಹೋಗಿರಿ ಎಂದಿತ್ತೇ ಹೊರತು ಮಗು ಸಾಯಲಿ ಎಂದು ಅದರಲ್ಲಿ ಬರೆದಿರಲಿಲ್ಲ. ಅಷ್ಟು ದೂರದ ಆಜ್ಞೆಯನ್ನು ಆ ತಾಯಿಯ ಕಂಕುಳವರೆಗೆ ತಲುಪಿಸಿದ್ದು ನಡುವೆ ಕೂತ ಅಜೀಜ್. ಅವನಂಥವರು ಇಲ್ಲದಿದ್ದರೆ ಸುಲ್ತಾನನ ಹುಚ್ಚು ಅರಮನೆಯ ಗೋಡೆ ದಾಟುತ್ತಿರಲಿಲ್ಲ. ನಾಟಕದ ಕೊನೆಗೆ ಅಜೀಜ್ ಸಿಕ್ಕಿಬಿದ್ದು ತನ್ನ ಎಲ್ಲ ಮೋಸವನ್ನೂ ಸುಲ್ತಾನನ ಎದುರೇ ಒಪ್ಪಿಕೊಳ್ಳುತ್ತಾನೆ. ಸಿಗುವುದು ಶಿಕ್ಷೆಯಲ್ಲ, ದಖ್ಖನಿನ ಸೈನ್ಯದಲ್ಲಿ ಹುದ್ದೆ. ಆಳುವವನು ತನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡ ಒಬ್ಬನೇ ಶಿಷ್ಯನನ್ನು ಗುರುತಿಸುವ ಆ ಗಳಿಗೆಗಿಂತ ಭಯಂಕರವಾದದ್ದು ಕನ್ನಡ ರಂಗಭೂಮಿಯಲ್ಲಿ ಕಡಿಮೆ.

ಇದೇ ಕಣ್ಣಿನಿಂದ ನೋಡಿದರೆ ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಕೂಡ ನಮಗೆ ಬೇರೆಯಾಗಿ ಕಾಣುತ್ತದೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಅವನು. ಯುದ್ಧದಲ್ಲಿ ರಷ್ಯಾ ಬ್ರಿಟನ್ನಿನ ಮಿತ್ರನಾಗಿದ್ದ ಕಾಲದಲ್ಲಿ ಸ್ಟಾಲಿನ್‌ನನ್ನು ಹಂದಿಯಾಗಿ ಚಿತ್ರಿಸಿದ ಆ ಪುಸ್ತಕವನ್ನು ಒಬ್ಬೊಬ್ಬರೇ ಪ್ರಕಾಶಕರು ತಿರಸ್ಕರಿಸಿದರು. ಫೇಬರ್ ಸಂಸ್ಥೆಯ ಪರವಾಗಿ ಬೇಡ ಎಂದು ಪತ್ರ ಬರೆದವನು ಕವಿ ಟಿ.ಎಸ್. ಎಲಿಯಟ್. ಕೊನೆಗೆ 1945ರ ಆಗಸ್ಟಿನಲ್ಲಿ ಅದು ಹೊರಬಂತು. ಎಲ್ಲರೂ ನೆಪೋಲಿಯನ್ ಎಂಬ ಹಂದಿಯನ್ನು ನೆನಪಿಡುತ್ತಾರೆ. ನಾನು ನೆನಪಿಡುವುದು ಬಾಕ್ಸರ್ ಎಂಬ ಕುದುರೆಯನ್ನು. ನಾಯಕ ಹೇಳಿದ್ದೇ ಸರಿ ಎಂದು ನಂಬಿ, ಇನ್ನೂ ಹೆಚ್ಚು ದುಡಿಯುವುದೇ ಎಲ್ಲಕ್ಕೂ ಪರಿಹಾರ ಎಂದು ನಂಬಿ ದುಡಿದು, ಕುಸಿದ ಮೇಲೆ ಕಟುಕನ ಗಾಡಿಗೆ ಮಾರಾಟವಾದ ಪ್ರಾಣಿ. ಅವನಲ್ಲಿ ಕೆಟ್ಟದ್ದು ಎಳ್ಳಷ್ಟೂ ಇಲ್ಲ. ಅವನ ಒಳ್ಳೆಯತನವೇ ಹಂದಿಗಳ ಬಂಡವಾಳ.

ಪ್ರಾಣಿಗಳ ಬಾಯಲ್ಲಿ ರಾಜಕೀಯ ಹೇಳಿಸುವುದು ಕನ್ನಡಕ್ಕೆ ಹೊರಗಿನಿಂದ ಬಂದದ್ದೇನಲ್ಲ. ದುರ್ಗಸಿಂಹ ‘ಕರ್ಣಾಟಕ ಪಂಚತಂತ್ರ’ ಬರೆದದ್ದು 1031ರ ಸುಮಾರಿಗೆ, ಆರ್ವೆಲ್‌ಗಿಂತ ಒಂಬತ್ತು ನೂರು ವರ್ಷ ಮೊದಲು. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು ಅವನು, ಅಧಿಕಾರದ ಒಳಗನ್ನು ಒಳಗಿನಿಂದಲೇ ಕಂಡವನು. ಸಿಂಹ ಮತ್ತು ಎತ್ತಿನ ಸ್ನೇಹವನ್ನು ನರಿ ಕೆಡಿಸುವ ಕಥೆಯಲ್ಲಿ ಸಿಂಹಕ್ಕೆ ಎತ್ತಿನ ಮೇಲೆ ಸ್ವಂತ ದ್ವೇಷವಿಲ್ಲ. ಕಿವಿ ಕಚ್ಚುವವನೊಬ್ಬ ಬೇಕಿತ್ತು, ಸಿಕ್ಕಿದ. ದೊರೆಗೆ ಬುದ್ಧಿ ಹೇಳಲು ಹುಟ್ಟಿದ ಈ ಕಥೆಗಳನ್ನು ನಾವು ಮಕ್ಕಳ ಪುಸ್ತಕದ ಕಪಾಟಿಗೆ ಸೇರಿಸಿ ಕೂತಿರುವುದು ದೊಡ್ಡ ನಷ್ಟ.

ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳು ಇಂಥ ಕಥೆಗಳಿಗೆ ನಿಜವಾದ ಪರೀಕ್ಷೆಯಾಯಿತು. 1975ರ ಜೂನ್ 25ರ ರಾತ್ರಿಯಿಂದ ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ನಮ್ಮ ಜಿಲ್ಲೆಯವರೇ ಆದ, ಆಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡರು ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು. ಅಮೃತ್ ನಹಾಟಾ ತೆಗೆದ ‘ಕಿಸ್ಸಾ ಕುರ್ಸೀ ಕಾ’ ಎಂಬ ಹಿಂದಿ ಚಿತ್ರದಲ್ಲಿ ಜನತೆ ಒಬ್ಬ ಮೂಕ ಹುಡುಗಿ. ಆ ಚಿತ್ರದ ಪ್ರತಿಗಳನ್ನೇ ಸುಟ್ಟುಹಾಕಿದರು. ಕಥೆಗೆ ಅಧಿಕಾರ ಎಷ್ಟು ಹೆದರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೆಂಗಳೂರಿನ ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿಯವರಿದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿ ಎಂದರೆ ಈಗಲೂ ಕನ್ನಡಿಗರ ಕಣ್ಮುಂದೆ ಬರುವ ಮುಖ. 1976ರ ಮೇ ತಿಂಗಳಲ್ಲಿ ಬಂಧಿಸಿದರು. ಬರೋಡಾ ಡೈನಮೈಟ್ ಪ್ರಕರಣದ ನೆಪ, ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಉಬ್ಬಸದ ರೋಗಿ. ಸರಿಯಾದ ಚಿಕಿತ್ಸೆಯಿಲ್ಲದೆ ಎಂಟು ತಿಂಗಳು ಕಳೆದರು. ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಪತಿ ಪಟ್ಟಾಭಿರಾಮ ರೆಡ್ಡಿ, ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ತೆಗೆದ ‘ಚಂಡಮಾರುತ’ ಚಿತ್ರ ಅದೇ ವರ್ಷದ್ದು. ಸ್ನೇಹಲತಾ ಅವರಿಗೆ ಚಿಕಿತ್ಸೆ ಕೊಡಬೇಡಿ ಎಂದು ದೆಹಲಿಯಿಂದ ಬರೆದ ಆಜ್ಞೆ ಬೇಕಿರಲಿಲ್ಲ. ತನ್ನ ಕರ್ತವ್ಯ ತಾನು ಮಾಡುತ್ತಿದ್ದೇನೆ ಎನ್ನುವವರು ನಡುವೆ ಇದ್ದರೆ ಸಾಕಿತ್ತು. ಹನ್ನೆರಡು ವರ್ಷ ಮೊದಲೇ ಕಾರ್ನಾಡರು ಬರೆದಿಟ್ಟಿದ್ದ ಬಿಡಾರದ ದೃಶ್ಯ ಕನ್ನಡ ನೆಲದಲ್ಲೇ ನಡೆದುಹೋಯಿತು.

ಲಂಕೇಶರ ‘ಗುಣಮುಖ’ (1993) ಇನ್ನೊಂದು ದಾರಿ ಹಿಡಿಯುತ್ತದೆ. ದೆಹಲಿಯನ್ನು ಗೆದ್ದ ನಾದಿರ್ ಶಾ ಕಾಯಿಲೆ ಬಿದ್ದಿದ್ದಾನೆ. ರೋಗ ಏನೆಂದು ಬಾಯಿಬಿಡಲು ಸುತ್ತಲಿನವರಿಗೆ ಜೀವಭಯ. ಹಕೀಮ ಅಲವಿ ಖಾನ್ ಒಬ್ಬನೇ ಅವನನ್ನು ಚಕ್ರವರ್ತಿಯಾಗಿ ನೋಡದೆ ರೋಗಿಯಾಗಿ ನೋಡುತ್ತಾನೆ. ಹೆದರದ ಒಬ್ಬ ಮನುಷ್ಯ ಎದುರಿಗೆ ನಿಂತಾಗಲೇ ಚಿಕಿತ್ಸೆ ಶುರುವಾಗುತ್ತದೆ. ‘ತುಘಲಕ್’ನಲ್ಲಿ ಸಿಗದ ಆಸೆ ಇಲ್ಲಿ ಸಿಗುತ್ತದೆ. ಅಜೀಜ್ ಕೂತ ಜಾಗದಲ್ಲಿ ಅಲವಿ ಖಾನ್ ಕೂತಿದ್ದರೆ ಆ ಮಗು ಬದುಕುತ್ತಿತ್ತು. ಈ ಎರಡು ನಾಟಕಗಳನ್ನು ಜೊತೆಯಾಗಿ ಓದಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬೇಲೂರಿನಿಂದ ಬಿಕ್ಕೋಡಿನ ಕಡೆಗೆ ಹೊರಟರೆ ಹಳೇಬೀಡಿನ ಬಯಲು ಹಿಂದೆ ಉಳಿದು ಕಾಫಿ ತೋಟಗಳು ಶುರುವಾಗುತ್ತವೆ. ಈ ಮಲೆನಾಡಿನ ಸೆರಗಿನಿಂದ ಮೂಡಿಗೆರೆ ದೂರವಲ್ಲ. ಅಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಬರೆದ ‘ಚಿದಂಬರ ರಹಸ್ಯ’ (1985) ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಅದರಲ್ಲಿ ಸುಲ್ತಾನನೂ ಇಲ್ಲ, ಸಿಂಹಾಸನವೂ ಇಲ್ಲ. ಕೆಸರೂರು ಎಂಬ ಊರು, ಏಲಕ್ಕಿ ತೋಟ, ಒಬ್ಬ ವಿಜ್ಞಾನಿಯ ಸಾವು, ತನಿಖೆಗೆ ಬಂದ ಗುಪ್ತಚರ ಅಧಿಕಾರಿ, ಮತ್ತು ಬಾಯಿಂದ ಬಾಯಿಗೆ ಹಬ್ಬುವ ಸಂಶಯ. ನೆರೆಯವನ ಮೇಲೆ ನೆರೆಯವನಿಗೆ ಅನುಮಾನ, ಜಾತಿಗೆ ಜಾತಿಯ ಮೇಲೆ, ಮತಕ್ಕೆ ಮತದ ಮೇಲೆ. ಕೊನೆಗೆ ಊರಿಗೇ ಬೆಂಕಿ. ಇದನ್ನು ಸರ್ವಾಧಿಕಾರದ ಕಥೆ ಎಂದು ವಿಮರ್ಶಕರು ಒಪ್ಪದಿರಬಹುದು. ನಾನು ಹಾಗೆಯೇ ಓದುತ್ತೇನೆ. ಬಲಿಷ್ಠನೊಬ್ಬ ಬಂದು ನಮ್ಮನ್ನು ಕಾಯಲಿ ಎಂದು ಜನ ಹಂಬಲಿಸಲು ಶುರುಮಾಡುವುದು ಇಂಥ ಕೆಸರೂರುಗಳಲ್ಲೇ. ನಮ್ಮಂಥ ಊರಿನವರಿಗೆ ಅದರ ಚಹಾ ಅಂಗಡಿ, ಅದರ ತೋಟದ ಮನೆ, ಅದರ ಪಿಸುಮಾತು ಎಲ್ಲವೂ ಗೊತ್ತಿರುವವೇ.

ಈ ಕೃತಿಗಳಿಗೆ ಈಗ ಬಂದಿರುವ ಅಪಾಯ ಸೆನ್ಸಾರಿನದಲ್ಲ, ನಮ್ಮ ಬಳಕೆಯದು. ‘ತುಘಲಕ್ ದರ್ಬಾರ್’ ಎಂದು ಆಡಳಿತ ಪಕ್ಷವನ್ನು ವಿರೋಧ ಪಕ್ಷ ಬೈಯುತ್ತದೆ, ಅಧಿಕಾರ ಬದಲಾದ ಮರುದಿನ ಅದೇ ಮಾತು ತಿರುಗಿ ಬರುತ್ತದೆ. ಇಬ್ಬರೂ ಅಜೀಜ್‌ನನ್ನು ನೆನೆಸುವುದಿಲ್ಲ. ಕಥೆಯನ್ನು ಬೈಗುಳವಾಗಿ ಎಸೆಯುವವನಿಗೆ ಆ ಕಥೆ ತನ್ನ ಬಗ್ಗೆಯೂ ಇರಬಹುದು ಎಂಬ ಅನುಮಾನವೇ ಬರದು.

ಹಾಗಾಗಿ ನಮ್ಮ ಬಿಕ್ಕೋಡು, ಅರೇಹಳ್ಳಿ, ಬೇಲೂರು, ಹಳೇಬೀಡು, ಅರಸೀಕೆರೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಕುಣಿತ ಇರಲಿ, ಅದರ ಜೊತೆಗೆ ‘ತುಘಲಕ್’ನ ಆ ಬಿಡಾರದ ದೃಶ್ಯವೊಂದನ್ನು ಮಕ್ಕಳಿಂದ ಆಡಿಸಿ. ದೊಡ್ಡ ಪರದೆ, ಕಿರೀಟ, ಸಿಂಹಾಸನ ಯಾವುದೂ ಬೇಕಿಲ್ಲ, ನಾಲ್ಕೈದು ಮಕ್ಕಳು ಸಾಕು. ಮನೆಯಲ್ಲಿ ಓದುವವರು ನಾಟಕ ಕೈಗೆತ್ತಿಕೊಂಡಾಗ ತಮಗಾಗದ ನಾಯಕನನ್ನು ಬಿಟ್ಟು ತಮಗೆ ಅತಿ ಪ್ರಿಯನಾದ ನಾಯಕನನ್ನು ಆ ಸಿಂಹಾಸನದ ಮೇಲೆ ಕೂರಿಸಿ ಓದಲಿ. ಬಿಡಾರದ ದೃಶ್ಯಕ್ಕೆ ಬಂದಾಗ, ಆ ತಾಯಿ ಅಪ್ಪಣೆ ಕೇಳಿ ನಿಂತಾಗ, ಮುಂದಿನ ಪುಟ ತಿರುವುವ ಮೊದಲು ಅವಳಿಗೆ ತಾವು ಏನು ಹೇಳುತ್ತಿದ್ದೆವು ಎಂದು ಯೋಚಿಸಲಿ.