ಅಂಟದ ಹಾಳೆಯ ಗುಟ್ಟು

ಮಕ್ಕಳೇ, ಯುಗಾದಿಯ ದಿನ ಮನೆಯಲ್ಲಿ ಒಬ್ಬಟ್ಟು ತಟ್ಟುವುದನ್ನು ನೀವು ನೋಡಿಯೇ ಇರುತ್ತೀರಿ. ಕಣಕದೊಳಗೆ ಹೂರಣ ತುಂಬಿ, ಎಣ್ಣೆ ಸವರಿದ ಬಾಳೆಲೆಯ ಮೇಲಿಟ್ಟು ಅಗಲವಾಗಿ ತಟ್ಟುತ್ತಾರೆ. ಆಮೇಲೆ ಎಲೆಯ ಸಮೇತ ಕಾದ ಕಾವಲಿಯ ಮೇಲೆ ಮಗುಚಿ, ಎಲೆಯನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾರೆ. ಮಂಡ್ಯದ ಗುತ್ತಲಿನಲ್ಲಾಗಲಿ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಾಗಲಿ, ಹಿತ್ತಲಲ್ಲಿ ಬಾಳೆ ಇದ್ದವರಿಗೆ ಎಲೆಗೆ ಬರವಿಲ್ಲ. ಎಲೆ ಸಿಗದವರು ಹಾಲಿನ ಕವರನ್ನೋ ಎಣ್ಣೆಯ ಕವರನ್ನೋ ಕತ್ತರಿಸಿ, ಅದರ ಮೇಲೆ ತಟ್ಟುವುದುಂಟು.

ಈಗ ಪಾತ್ರೆ ಅಂಗಡಿಗಳಲ್ಲಿ ಇನ್ನೊಂದು ಬಗೆಯ ಹಾಳೆಯೂ ಸಿಗುತ್ತದೆ. ಮುಟ್ಟಿದರೆ ರಬ್ಬರಿನಂತೆ ಮೆತ್ತಗಿರುತ್ತದೆ. ಸುತ್ತಿಟ್ಟು, ಬೇಕಾದಾಗ ಬಿಚ್ಚಿ, ತೊಳೆದು ಮತ್ತೆ ಮತ್ತೆ ಬಳಸಬಹುದು. ಇದೇ ಸಿಲಿಕೋನ್ ಹಾಳೆ. ಬಿಸ್ಕತ್ತು ಬೇಯಿಸುವಾಗ ತಟ್ಟೆಗೆ ಅಂಟದಿರಲೆಂದು ಇದನ್ನು ಓವನ್ನಿನೊಳಗೂ ಇಡುತ್ತಾರೆ.

ಬಾಳೆಲೆ, ಪ್ಲಾಸ್ಟಿಕ್ ಕವರು, ಸಿಲಿಕೋನ್ ಹಾಳೆ – ಈ ಮೂರಕ್ಕೂ ಹಿಟ್ಟು ಸುಲಭವಾಗಿ ಅಂಟುವುದಿಲ್ಲ. ಹಾಗಾದರೆ ಮೂರೂ ಒಂದೇ ಎನ್ನಬಹುದೇ? ಖಂಡಿತ ಇಲ್ಲ. ಏಕೆಂದು ತಿಳಿಯೋಣ ಬನ್ನಿ.

ಹಿಟ್ಟು ಏಕೆ ಅಂಟುತ್ತದೆ?

ಸ್ಟೀಲ್ ತಟ್ಟೆ ಕಣ್ಣಿಗೆ ನುಣುಪಾಗಿ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈ ತುಂಬ ಗೀರು, ಗುಳಿಗಳು. ಮೆತ್ತನೆಯ ಹಿಟ್ಟು ಆ ಗುಳಿಗಳೊಳಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಹಿಟ್ಟಿನಲ್ಲಿರುವ ನೀರು, ಸಕ್ಕರೆ ಮತ್ತು ಪ್ರೋಟೀನಿನ ಅಣುಗಳನ್ನು ಲೋಹದ ಮೇಲ್ಮೈ ತನ್ನತ್ತ ಸೆಳೆಯುತ್ತದೆ. ಈ ಸೆಳೆತ ಹೆಚ್ಚಾದಷ್ಟೂ ಅಂಟುವುದು ಹೆಚ್ಚು.

ಬಾಳೆಲೆಯ ಮೇಲೆ ತೆಳುವಾದ ಮೇಣದ ಪದರವಿದೆ. ಮೇಣಕ್ಕೂ ನೀರಿಗೂ ಸ್ನೇಹವಿಲ್ಲ. ಎಲೆಗೆ ಬಿದ್ದ ಮಳೆಹನಿ ಉರುಳಿ ಹೋಗುವುದು ಇದರಿಂದಲೇ. ಪ್ಲಾಸ್ಟಿಕ್ ಕವರಿನ ಅಣುಗಳೂ ನೀರನ್ನು ಹೆಚ್ಚಾಗಿ ಸೆಳೆಯುವುದಿಲ್ಲ. ಎಣ್ಣೆ ಸವರಿದರೆ ಹಿಟ್ಟಿಗೂ ಹಾಳೆಗೂ ನಡುವೆ ಇನ್ನೊಂದು ತೆಳು ಪದರ ಸೇರುತ್ತದೆ.

ಮರಳಿನ ಮೊಮ್ಮಗು

ಸಿಲಿಕೋನ್ ಎಲ್ಲಿಂದ ಬಂತು? ಹೊಳೆಯ ಮರಳನ್ನು ನೆನಪಿಸಿಕೊಳ್ಳಿ. ಮರಳಿನ ಮುಖ್ಯ ಭಾಗ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಸಿಲಿಕಾ. ಭೂಮಿಯ ಹೊರಪದರದಲ್ಲಿ ಆಮ್ಲಜನಕದ ನಂತರ ಅತಿ ಹೆಚ್ಚಾಗಿರುವ ಧಾತುವೇ ಸಿಲಿಕಾನ್. ಸಿಲಿಕಾದಿಂದ ಸಿಲಿಕಾನನ್ನು ಬೇರ್ಪಡಿಸಿ, ಅದರಿಂದ ಹಲವು ಹಂತಗಳಲ್ಲಿ ಸಿಲಿಕೋನ್ ತಯಾರಿಸುತ್ತಾರೆ. ಹೆಸರುಗಳನ್ನು ಗಮನಿಸಿ: ಸಿಲಿಕಾನ್ ಒಂದು ಧಾತು, ಸಿಲಿಕೋನ್ ಅದರಿಂದ ಮಾಡಿದ ವಸ್ತು. ಸಿಲಿಕೋನ್ ಎಂಬ ಹೆಸರನ್ನು 1901ರಲ್ಲಿ ಕೊಟ್ಟವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಫ್ರೆಡರಿಕ್ ಕಿಪ್ಪಿಂಗ್.

ಸಿಲಿಕೋನಿನ ಅಣು ಒಂದು ಉದ್ದನೆಯ ಸರಪಳಿ. ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ – ಹೀಗೆ ಒಂದಾದ ಮೇಲೊಂದು ಕೊಂಡಿ. ಪ್ರತಿ ಸಿಲಿಕಾನಿನ ಪಕ್ಕದಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಸೇರಿದ ಸಣ್ಣ ಗುಂಪುಗಳಿರುತ್ತವೆ. ಇವು ಸರಪಳಿಗೆ ಕೊಡೆ ಹಿಡಿದಂತೆ ಹೊರಮುಖವಾಗಿ ನಿಲ್ಲುತ್ತವೆ. ನೀರನ್ನಾಗಲಿ, ಹಿಟ್ಟನ್ನಾಗಲಿ ಇವು ಸೆಳೆಯುವುದು ಬಹಳ ಕಡಿಮೆ. ಹಾಗಾಗಿ ಏನೂ ಸುಲಭವಾಗಿ ಅಂಟುವುದಿಲ್ಲ.

ಸರಪಳಿಯ ಕೊಂಡಿಗಳೂ ಗಟ್ಟಿ. ಪ್ಲಾಸ್ಟಿಕ್ ಕವರಿನ ಸರಪಳಿಯಲ್ಲಿ ಕಾರ್ಬನ್ನಿಗೆ ಕಾರ್ಬನ್ ಜೋಡಿಕೊಂಡಿರುತ್ತದೆ. ಅದಕ್ಕಿಂತ ಸಿಲಿಕಾನ್–ಆಮ್ಲಜನಕದ ಕೊಂಡಿ ಬಲವಾದುದು. ಆದ್ದರಿಂದ ಸಿಲಿಕೋನ್ ಹೆಚ್ಚಿನ ಬಿಸಿಯನ್ನು ತಡೆಯುತ್ತದೆ. ಚಳಿಯಲ್ಲಿಯೂ ಅದು ಮೆತ್ತಗೇ ಉಳಿಯುತ್ತದೆ. 1969ರಲ್ಲಿ ಚಂದ್ರನ ಮೇಲೆ ಇಳಿದ ಗಗನಯಾತ್ರಿಗಳ ಹೊರಬೂಟಿನ ಅಟ್ಟೆ ಸಿಲಿಕೋನ್ ರಬ್ಬರಿನದಾಗಿತ್ತು.

ಬಿಸಿಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾಲಿನ ಕವರಿನಂಥ ತೆಳು ಪಾಲಿಥೀನ್ ಸುಮಾರು 110 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ. ಸಿಲಿಕೋನ್ ಹಾಳೆಗಳು ಸಾಮಾನ್ಯವಾಗಿ 230 ಡಿಗ್ರಿಯವರೆಗೆ ತಡೆಯುತ್ತವೆ. ಅಡುಗೆಮನೆಯಲ್ಲಿ ಬಿಸಿ ಎಷ್ಟಿರುತ್ತದೆ?

ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಲ್ಲದ ಪಾಕ ಹಾಗಲ್ಲ. ನಮ್ಮ ಜಿಲ್ಲೆಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಾ ಹೋದಂತೆ ನೀರು ಆವಿಯಾಗಿ, ಸಕ್ಕರೆಯ ಪ್ರಮಾಣ ಹೆಚ್ಚುತ್ತದೆ. ಆಗ ಕುದಿಯುವ ಬಿಂದುವೂ ಏರುತ್ತದೆ. ಅಚ್ಚಿಗೆ ಹುಯ್ಯುವ ಹದಕ್ಕೆ ಬರುವಾಗ ಅದು ಸುಮಾರು 118 ಡಿಗ್ರಿ ತಲಪಿರುತ್ತದೆ. ಕಡಲೆ ಮಿಠಾಯಿಯ ಗಟ್ಟಿ ಪಾಕ ಇನ್ನೂ ಬಿಸಿ. ಒಲೆಯ ಮೇಲೆ ಕಾದ ಕಾವಲಿಯಂತೂ 200 ಡಿಗ್ರಿಯನ್ನೂ ದಾಟಬಲ್ಲದು.

ಈಗ ನೀವೇ ಹೋಲಿಸಿ ನೋಡಿ. ಕಡಲೆ ಮಿಠಾಯಿಯ ಪಾಕವನ್ನು ಪ್ಲಾಸ್ಟಿಕ್ ಕವರಿನ ಮೇಲೆ ಸುರಿದರೆ ಕವರು ಕರಗಿ ಮಿಠಾಯಿಗೆ ಸೇರುತ್ತದೆ. ಸಿಲಿಕೋನ್ ಹಾಳೆಯ ಮೇಲೆ ಸುರಿದರೆ, ಆರಿದ ನಂತರ ಮಿಠಾಯಿ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕರಗದಿದ್ದರೆ ಪ್ಲಾಸ್ಟಿಕ್ ಸುರಕ್ಷಿತವೇ? ಅದೂ ಅಲ್ಲ. ಪ್ಲಾಸ್ಟಿಕ್ಕಿಗೆ ಬೆರೆಸಿದ ಕೆಲವು ರಾಸಾಯನಿಕಗಳು ಬಿಸಿಯಲ್ಲಿ ಆಹಾರಕ್ಕೆ ಇಳಿಯಬಹುದು. ಕೆಲವು ಹೋಟೆಲುಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುತ್ತಿದ್ದುದು ಕಂಡುಬಂದದ್ದರಿಂದ, 2025ರ ಫೆಬ್ರವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದಕ್ಕೆ ತಡೆ ಹಾಕಲು ಮುಂದಾಯಿತು. ಅಜ್ಜಿಯ ಕಾಲದ ಒದ್ದೆ ಬಟ್ಟೆಯೇ ಇಡ್ಲಿಗೆ ಒಳ್ಳೆಯದು.

ಸಿಲಿಕೋನ್ ಹಾಳೆ ಬಳಸುವಾಗ

• ಆಹಾರಕ್ಕೆ ತಕ್ಕದ್ದು ಎಂಬ ಸೂಚನೆಯೂ, ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಎಂಬ ಅಂಕಿಯೂ ಮುದ್ರಿಸಿರುವ ಹಾಳೆಯನ್ನೇ ಕೊಳ್ಳಬೇಕು.

• ಒಲೆಯ ಉರಿಗೆ ಹಿಡಿಯಬಾರದು, ಕಾವಲಿಯ ಮೇಲೂ ಇಡಬಾರದು. ಓವನ್ನಿನಲ್ಲಿ ಬಿಸಿಯನ್ನು ಇಂತಿಷ್ಟೇ ಎಂದು ನಿಲ್ಲಿಸಬಹುದು, ಒಲೆಯ ಮೇಲೆ ಹಾಗೆ ನಿಲ್ಲಿಸಲಾಗದು. ಒಬ್ಬಟ್ಟನ್ನು ಹಾಳೆಯ ಮೇಲೆ ತಟ್ಟಿ, ಕೈಗೆ ತೆಗೆದುಕೊಂಡು ಕಾವಲಿಗೆ ಹಾಕಬೇಕು.

• ಹಾಳೆಯ ಮೇಲೆ ಚಾಕುವಿನಿಂದ ಕತ್ತರಿಸಬಾರದು. ಹಲವು ಹಾಳೆಗಳ ಒಳಗೆ ಗಾಜಿನ ಎಳೆಗಳ ಬಲೆ ಇರುತ್ತದೆ. ಹಾಳೆ ಸೀಳಿ ಎಳೆ ಹೊರಬಂದರೆ ಅದನ್ನು ಮತ್ತೆ ಅಡುಗೆಗೆ ಬಳಸಬಾರದು. ಮಿಠಾಯಿಯನ್ನು ಮಣೆಯ ಮೇಲಿಟ್ಟು ಕತ್ತರಿಸಿ.

• ಬಳಸಿದ ಮೇಲೆ ಬಿಸಿನೀರು, ಸೋಪು ಹಾಕಿ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಎಣ್ಣೆಯ ಜಿಡ್ಡು ಉಳಿದರೆ ಹಾಳೆಯೇ ಅಂಟತೊಡಗುತ್ತದೆ. ತಂತಿ ಬ್ರಶ್ಶು ಬೇಡ.

ಸಿಲಿಕೋನ್ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ. ಆದ್ದರಿಂದ ಒಮ್ಮೆ ಕೊಂಡ ಹಾಳೆಯನ್ನು ಜೋಪಾನವಾಗಿ ವರ್ಷಗಟ್ಟಲೆ ಬಳಸಿದರೆ ಮಾತ್ರ ಅದು ಲಾಭ. ಹಿತ್ತಲಲ್ಲಿ ಬಾಳೆ ಇದ್ದರೆ ಕೊಳ್ಳುವ ಅಗತ್ಯವೇ ಇಲ್ಲ. ಬಳಸಿದ ಎಲೆ ತಿಪ್ಪೆ ಸೇರಿ ಗೊಬ್ಬರವಾಗುತ್ತದೆ.

ಮಾಡಿ ನೋಡಿ

ಬೇಕಾದ ವಸ್ತುಗಳು: ಸ್ಟೀಲ್ ತಟ್ಟೆ, ಬಾಳೆಲೆಯ ತುಂಡು, ಸೋಪಿನಿಂದ ತೊಳೆದು ಒಣಗಿಸಿದ ಹಾಲಿನ ಕವರು, ನೀರು.

ಕವರನ್ನು ಕತ್ತರಿಸಿ ಒಳಮೈ ಮೇಲೆ ಬರುವಂತೆ ಹಾಸಿ. ಮೂರರ ಮೇಲೂ ಒಂದೊಂದು ಹನಿ ನೀರು ಹಾಕಿ, ಪಕ್ಕದಿಂದ ನೋಡಿ. ಯಾವುದರ ಮೇಲೆ ಹನಿ ಹರಡಿಕೊಂಡಿತು? ಯಾವುದರ ಮೇಲೆ ಗುಂಡಗೆ ನಿಂತಿತು? ಚಿತ್ರ ಬರೆದುಕೊಳ್ಳಿ. ಮನೆಯಲ್ಲಿ ಸಿಲಿಕೋನ್ ಹಾಳೆ ಇದ್ದರೆ ಅದರ ಮೇಲೂ ನೋಡಿ.

ಒಂದು ಮಾತು ಗಮನದಲ್ಲಿರಲಿ. ಹನಿ ಗುಂಡಗೆ ನಿಂತರೆ ಆ ಹಾಳೆ ನೀರನ್ನು ಹೆಚ್ಚು ಸೆಳೆಯುವುದಿಲ್ಲ ಎಂದಷ್ಟೇ ಅರ್ಥ. ಅದು ಬಿಸಿ ತಡೆಯುತ್ತದೆಯೇ ಎಂಬುದನ್ನು ಹನಿ ಹೇಳುವುದಿಲ್ಲ. ಅದನ್ನು ಉರಿಯ ಮೇಲಿಟ್ಟು ಪರೀಕ್ಷಿಸಲು ಹೋಗಬೇಡಿ.

ಈ ವಾರ ನಿಮ್ಮ ಮನೆಯಲ್ಲಿ ಬಿಸಿ ಆಹಾರಕ್ಕೆ ಪ್ಲಾಸ್ಟಿಕ್ ತಾಗುವ ಸಂದರ್ಭಗಳನ್ನು ಪಟ್ಟಿ ಮಾಡಿ. ಬಿಸಿ ಸಾರನ್ನು ಕವರಿನಲ್ಲಿ ಕಟ್ಟಿಸಿಕೊಂಡು ಬರುವುದೂ ಪಟ್ಟಿಯಲ್ಲಿರಲಿ. ಪ್ರತಿಯೊಂದರ ಎದುರು, ಬದಲಿಗೆ ಏನು ಬಳಸಬಹುದೆಂದು ಅಮ್ಮ, ಅಜ್ಜಿಯನ್ನು ಕೇಳಿ ಬರೆಯಿರಿ. ತರಗತಿಯಲ್ಲಿ ಎಲ್ಲರ ಪಟ್ಟಿಯನ್ನೂ ಒಟ್ಟಿಗಿಟ್ಟು ಚರ್ಚಿಸಿ.