ಅಡವಿಯಿಂದ ಬಂದ ಅಡಿವೆಪ್ಪ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸಂತೆಯಲ್ಲಿ ‘ಅಡಿವೆಪ್ಪಾ’ ಎಂದು ಕೂಗಿ ನೋಡಿ; ತಿರುಗಿ ನೋಡುವವರು ಬಹುತೇಕ ಹಿರಿಯರೇ.

ಹೆಸರಿನ ಬೇರು ‘ಅಡವಿ’. ಅದಕ್ಕೆ ‘ಅಪ್ಪ’ ಸೇರಿ ಅಡವೆಪ್ಪ. ಆಡುಮಾತಿನ ಬಾಯಲ್ಲಿ ಸ್ವರ ಜಾರಿ ಅಡಿವೆಪ್ಪ. ಹೆಣ್ಣಾದರೆ ಅಡಿವೆವ್ವ. ಹಾಗಂತ ಇದು ಬರಿಯ ಕಾಡಿನ ಹೆಸರಲ್ಲ. ಗೋಕಾಕ ತಾಲ್ಲೂಕಿನ ಅಂಕಲಗಿ, ಕುಂದರಗಿಗಳಲ್ಲಿ ಅಡವಿಸಿದ್ಧೇಶ್ವರ ಮಠಗಳಿವೆ. ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಹರಕೆಯ ಕೂಸಿಗೆ ಮಠದ ಅಜ್ಜನ ಹೆಸರಿಡುವುದು ರೂಢಿ. ಮಲ್ಲಯ್ಯನಿಗೆ ನಡೆದುಕೊಳ್ಳುವವರು ಮಲ್ಲಪ್ಪ ಎಂದಿಟ್ಟ ಹಾಗೆ.

ಈಗಿನ ತೊಟ್ಟಿಲಿಗೆ ‘ಅಪ್ಪ’ ಭಾರವಾಗಿದೆ. ಕೆಲವರು ಅದನ್ನು ಕಳಚಿ ‘ಅಡವೀಶ’ ಮಾಡಿಕೊಂಡಿದ್ದಾರೆ. ಚಂದವೇ, ಆದರೆ ಮಣ್ಣಿನ ವಾಸನೆ ಅಡಿವೆಪ್ಪನಲ್ಲೇ ಹೆಚ್ಚು. ಮನೆಯಲ್ಲಿ ಅಡಿವೆಪ್ಪಜ್ಜ ಇದ್ದರೆ ಹೆಸರಿನ ಹಿಂದಿನ ಹರಕೆ ಯಾವುದೆಂದು ಇಂದೇ ಕೇಳಿಟ್ಟುಕೊಳ್ಳಿ.